ಹೊಸ ಗಾಡಿ ತಯಾರಾಗುವವರೆಗೆ

ಎಪ್ಪತ್ತೊಂಬತ್ತರ ಜುಲೈ ತಿಂಗಳ ಆ ವಾರ ಸಾಲೋಟಗಿಯಲ್ಲಿ ಯಾರೂ ಹೊಲದ ಕಡೆ ಮುಖ ಮಾಡಲಿಲ್ಲ. ಅಮೆರಿಕದವರು ಆಕಾಶದಲ್ಲಿ ಕಟ್ಟಿದ್ದ ಸ್ಕೈಲ್ಯಾಬ್ ಎಂಬ ಮನೆ ಹಳೆಯದಾಗಿ ಕೆಳಗೆ ಬೀಳುತ್ತದೆಂದು ರೇಡಿಯೊ ಹೇಳಿತ್ತು. ಎಲ್ಲರೂ ಸಾಯುವುದೇ ಆದರೆ ಉಂಡೇ ಸಾಯೋಣವೆಂದು ಮೊಟ್ಟೆ ಇಡುವ ಕೋಳಿಗಳನ್ನೂ ಕೊಯ್ದರು. ಬಿತ್ತಲು ಇಟ್ಟ ಸಜ್ಜೆಯನ್ನೂ ಬೀಸಿ ರೊಟ್ಟಿ ಬಡಿದರು.

ಬಾವಿಯ ಕಟ್ಟೆಯ ಮೇಲೆ ಕಾಳಪ್ಪ ಮಾಸ್ತರರು ಪೇಪರು ಓದಿ ಹೇಳುತ್ತಿದ್ದರು.

"ಆಕಾಶಕ್ಕ ಹೋಗೂ ಹೊಸಾ ಗಾಡಿ ಒಂದು ಅಮೆರಿಕಾದವರು ತಯಾರ ಮಾಡಾಕತ್ತಾರ. ಹಿಂದಿನವು ಒಮ್ಮೆ ಹೋಗಿ ಬಂದ್ರ ಮುಗೀತು, ಸಮುದ್ರಕ್ಕ ಬಿದ್ದು ಮೂಲಿಗೆ ಸೇರತಿದ್ದವು. ಇದು ಹಂಗಲ್ಲ. ಮಂದೀನ ಹೊತಗೊಂಡು ಹೋಗತೈತಿ, ವಿಮಾನದಂಗ ಇಳೀತೈತಿ, ಮತ್ತ ಹೋಗತೈತಿ. ಅದು ತಯಾರಾಗಿದ್ರ ಈ ಹಳೇದನ್ನ ಮ್ಯಾಲಕ್ಕ ದೂಡತಿತ್ತು."

"ಮತ್ತ ಯಾಕ ಆಗಿಲ್ರಿ?" ಎಂದಳು ನೀರು ಸೇದುತ್ತಿದ್ದ ಬಾನುಬಿ.

"ಇಳಿಯುವಾಗ ಸುಡಬಾರದಂತ ಮೈತುಂಬ ಹಂಚಿನಂಥ ಬಿಲ್ಲಿ ಅಂಟಿಸ್ಯಾರ. ಅವು ಉದರಾಕತ್ತಾವ."

"ಅಯ್ಯ, ನಮ್ಮ ಚಂದವ್ವನ್ನ ಕರಕೊಂಡು ಹೋಗ್ರಂತ ಹೇಳ್ರಿ. ಆಕಿ ಗ್ವಾಡಿಗೆ ಬಡದ ಸೆಗಣಿ ಕುಳ್ಳ ಕಿತ್ತರೂ ಬರೂದಿಲ್ಲ!"

ಎಲ್ಲರೂ ನಕ್ಕರು. ಚಂದವ್ವನೂ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಊರು ನೋಡಿ ಬಹಳ ವರ್ಷವಾಗಿತ್ತು.

ಮಕ್ಕಳಾಗಲಿಲ್ಲವೆಂದು ಅವಳ ಗಂಡ ಶ್ರೀಶೈಲಪ್ಪ ತಾಳಿಕೋಟೆಯವಳೊಬ್ಬಳನ್ನು ಮಾಡಿಕೊಂಡು, ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಸೇರಿ, ಈ ಕಡೆ ಬರುವುದನ್ನೇ ಬಿಟ್ಟಿದ್ದ. ಈ ವಾರ ಇದ್ದಕ್ಕಿದ್ದಂತೆ ಬಾಗಿಲಲ್ಲಿ ನಿಂತಿದ್ದ.

"ಕಬ್ಬಿಣ ಕಬ್ಬಿಣಾನ ಎಳೀತೈತಂತ. ಅದಕ್ಕ ಡ್ಯಾಮಿನ ಮ್ಯಾಲೇ ಬೀಳತೈತಿ ಅನ್ನಾಕತ್ತಾರ. ಅಕಿ ಕೂಸಿನ್ನ ಕರಕೊಂಡು ತವರಮನಿಗೆ ಹೋದಳು. ನಾ ಎಲ್ಲಿಗೆ ಹೋಗಲಿ?" ಎಂದ. ಆಮೇಲೆ ದನಿ ಇಳಿಸಿ, "ಸಾಯೂದಾದ್ರ ನಿನ್ನ ಕೈಯಾಗ ಸಾಯೂಣಂತ ಬಂದೆ," ಎಂದ.

ಚಂದವ್ವ ಕೊನೆಯ ಮಾತೊಂದನ್ನೇ ಕೇಳಿಸಿಕೊಂಡಳು. ಉಳಿದದ್ದನ್ನು ಕಿವಿಗೆ ಬಿದ್ದರೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಅವಳೂ ಬೀಜದ ಸಜ್ಜೆ ಬೀಸಿದಳು. ಸ್ನಾನಕ್ಕೆ ನೀರು ಕಾಯಿಸಿದಳು. ಅವನು ಅಂಗಳದಲ್ಲಿ ಕುಳಿತು ಮಲಗುವ ಹೊರಸಿನ ಜೋತುಬಿದ್ದ ಹಗ್ಗವನ್ನು ಬಿಗಿದ. ಹಗ್ಗ ಎಳೆಯುವಾಗ ಅವನು ಉಸಿರು ಬಿಗಿಹಿಡಿಯುವ ಸದ್ದು ಒಲೆಯ ಮುಂದಿದ್ದ ಅವಳಿಗೆ ಕೇಳುತ್ತಿತ್ತು. ಒಂದು ಮನೆಗೆ ಇಷ್ಟು ಸದ್ದು ಸಾಕಾಗುತ್ತದೆಂಬುದು ಅವಳಿಗೆ ಮರೆತೇಹೋಗಿತ್ತು.

ಹೊಸ ಗಾಡಿ ಬೇಗ ತಯಾರಾಗಲೆಂದು ಊರೆಲ್ಲ ಕೈಮುಗಿಯುತ್ತಿತ್ತು. ಅದರ ಬಿಲ್ಲೆಗಳು ಉದುರುತ್ತಲೇ ಇರಲಿ ಎಂದು ಚಂದವ್ವ ಬೇಡಿಕೊಂಡಳು. ಹಳೆಯದು ಬೀಳುವುದೂ ಬೇಡ, ಅದನ್ನು ಎತ್ತುವವರು ಬರುವುದೂ ಬೇಡ. ಬೀಳುತ್ತೇನೆ, ಬೀಳುತ್ತೇನೆ ಎನ್ನುತ್ತ ಅಲ್ಲೇ ಇರಲಿ. ಬೇಡಿಕೊಂಡದ್ದಕ್ಕೆ ನಾಚಿಕೆಯಾಯಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅದು ಬಿತ್ತು. ಆಸ್ಟ್ರೇಲಿಯದ ಕಡೆ, ಸಮುದ್ರದಲ್ಲಿ, ಯಾರಿಗೂ ಏನೂ ಆಗಲಿಲ್ಲವೆಂದು ಬೆಳಗಿನ ರೇಡಿಯೊ ಹೇಳಿತು. ಓಣಿಯಲ್ಲಿ ಜನ ಕೇಕೆ ಹಾಕಿದರು. ಶ್ರೀಶೈಲಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಕೂಸು ನೆನಸತಿರತೈತಿ," ಎಂದ.

ಇರು ಎನ್ನಲು ಅವಳಿಗೆ ಈಗ ಯಾವ ಕಾರಣವೂ ಉಳಿದಿರಲಿಲ್ಲ. "ಬುತ್ತಿ ಕಟ್ಟತೇನಿ, ತಡೀರಿ," ಎಂದಳು. ಮಿಕ್ಕ ಸಜ್ಜೆ ರೊಟ್ಟಿಗಳನ್ನೆಲ್ಲ ಕಟ್ಟಿಕೊಟ್ಟಳು. ಅವನು ಬಸ್ಸಿನ ಕಡೆ ಬೇಗಬೇಗ ನಡೆದ.

ಬಾವಿಯ ಬಳಿ ಜನ ಬಿತ್ತುವ ಬೀಜ ಯಾರ ಮನೆಯಲ್ಲಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಚಂದವ್ವ ನೀರು ಸೇದಿ, ಕೊಡ ತುಂಬಿ, ಮಾಸ್ತರರ ಹತ್ತಿರ ಬಂದು ನಿಂತಳು.

"ಹೊಸಾ ಗಾಡಿ ಆತೇನ್ರಿ?"

"ಇನ್ನೂ ಇಲ್ಲವ್ವಾ. ಬಿಲ್ಲಿ ನಿಂದರವಲ್ಲವು."

"ಮತ್ತ ಮ್ಯಾಲ ಇನ್ನ ಹಳೇವು ಯಾವುವಾರ ಉಳದಾವೇನ್ರಿ? ಬೀಳುವಂಥವು?"

ಮಾಸ್ತರರು ನಕ್ಕರು. "ಅಂಜಬ್ಯಾಡ. ಇನ್ನ ಏನೂ ಬೀಳೂದಿಲ್ಲ."

ಈ ಸಲ ಬಾನುಬಿ ನಗಲಿಲ್ಲ. ತುಂಬಿದ ಕೊಡವನ್ನು ಎತ್ತಿ ಚಂದವ್ವನ ಸೊಂಟಕ್ಕೆ ಇಟ್ಟಳು.