ಚುಕ್ಕಿಗಳ ಕೊಕ್ಕರೆ

"ಮತ್ತೆ ಮಸುಕಾಗೇ ಬಂತಾ?" ಅಂಗಡಿಯ ಹಿಂಬದಿಯ ಕುರ್ಚಿಯಿಂದ ಅಮ್ಮ ಕೇಳಿದರು.

ದೊಡ್ಡ ಮಗಳು ಪರದೆಯತ್ತ ಬಾಗಿದಳು. ಪರದೆಯ ಮೇಲೆ ಅಕ್ಷರಗಳು ಒದ್ದೆ ಕಾಗದದ ಶಾಯಿಯಂತೆ ಹರಡಿಕೊಂಡಿದ್ದವು. ಗೆರೆಗೆರೆಯ ಅಂಚಿನಲ್ಲೂ ಕೆಂಪು, ಹಸಿರು ನೆರಳು ತೆವಳುತ್ತಿತ್ತು. ನಡುವೆ ಒಂದು ಬಿಳಿ ಮುದ್ದೆ ನಡುಗುತ್ತಿತ್ತು. ಅದು ಕೊಕ್ಕರೆ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಕೊಕ್ಕರೆ.

ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವಳ ಕಸುಬು. ಊರಿನ ಎಷ್ಟೋ ಮನೆಗಳ ಮದುವೆ, ಹುಟ್ಟುಹಬ್ಬಗಳು ಅವಳ ಕೈಯಲ್ಲಿ ಧೂಳು ಕೊಡವಿಕೊಂಡು ಹೋಗಿದ್ದವು. ಆದರೆ ಈ ಕೆಲಸ ಬಂದದ್ದು ತಂಗಿಯಿಂದ. ತಂಗಿ ಈಗ ವಿಡಿಯೋ ಗೇಮ್ ಮಾಡುವವರ ನಡುವೆ ದೊಡ್ಡ ಹೆಸರು. ಮನೆಯಲ್ಲಿ ಮಾತ್ರ ಇನ್ನೂ ಚಿಕ್ಕವಳು. ವಸ್ತುಸಂಗ್ರಹಾಲಯವೊಂದು ಅವಳ ಕೆಲಸದ ಪ್ರದರ್ಶನ ಇಡುತ್ತಿತ್ತು. ಶಾಲೆಗೆ ಹೋಗುವಾಗ ಅವಳು ಮಾಡಿದ ಮೊದಲ ಆಟ, ಕೆರೆ ದಾಟುವ ಕೊಕ್ಕರೆಯ ಆಟ, ಅಲ್ಲಿನ ಗೋಡೆಯ ಮೇಲೆ ಓಡಬೇಕಿತ್ತು. ಅದಕ್ಕೆ ಸ್ಪಷ್ಟವಾದ ವಿಡಿಯೋ ಬೇಕು. ಆಟ ಹುಟ್ಟಿದ ಯಂತ್ರ, ಆಂಟೆನಾ ವೈರಿನಿಂದ ಟಿವಿಗೆ ಸಿಕ್ಕಿಸುವ ಹಳೇ ಕಂಪ್ಯೂಟರ್, ಅಕ್ಕನ ಮನೆಯ ಅಟ್ಟದ ಮೇಲಿತ್ತು.

ಅಲ್ಲಿರದೆ ಇನ್ನೆಲ್ಲಿರಬೇಕು? ಅದು ಅಕ್ಕನದೇ. ದೊಡ್ಡವಳು ತರಗತಿಗೇ ಮೊದಲಿಗಳಾದಳೆಂದು ಅಪ್ಪ ಹೆಗಲ ಮೇಲೆ ಹೊತ್ತು ತಂದದ್ದು. ವಾರ ತುಂಬುವುದರೊಳಗೆ ಚಿಕ್ಕವಳು ಅದರ ಮುಂದೆ ಅಂಟು ಹಾಕಿದ ಹಾಗೆ ಕೂತುಬಿಟ್ಟಳು. "ಚಿಕ್ಕವಳು ಕಣೇ, ಬಿಟ್ಟುಕೊಡು," ಎಂದಿದ್ದರು ಅಮ್ಮ. ಬಿಟ್ಟುಕೊಡುವುದಕ್ಕೆಂದೇ ಮೊದಲು ಹುಟ್ಟಿಸುತ್ತಾರೇನೋ. ಅವಳಿಗೆ ಉಳಿದದ್ದು ಒಂದೇ ಒಂದು: ಆಟದ ಕೊಕ್ಕರೆಯನ್ನು ಚೌಕದ ಕಾಗದದ ಮೇಲೆ, ಚೌಕ ಚೌಕ ತುಂಬಿ ಬರೆದುಕೊಟ್ಟವಳು ಅವಳು. ತಂಗಿಯ ಸಂದರ್ಶನ ಟಿವಿಯಲ್ಲಿ ಬಂದಾಗಲೆಲ್ಲ ಅವಳು ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತ ಒಳಗೇ ಅಂದುಕೊಳ್ಳುತ್ತಿದ್ದಳು: ಆ ಆಟದಲ್ಲಿ ಜೀವ ಇರುವುದು ಹಕ್ಕಿಗೆ. ಹಕ್ಕಿ ನಂದು.

"ಅಷ್ಟು ಎಳೇ ವಯಸ್ಸಿಗೆ ಅದು ಹೇಗೆ ಮಾಡಿದ್ಲೋ ನನ್ನ ಕೂಸು," ಅಮ್ಮ ನಿಟ್ಟುಸಿರಿಟ್ಟರು. "ನಿಂಗೆ ಆಗ್ಲಿಲ್ಲ ಅಂದ್ರೆ ಅವಳೇ ಯಾರನ್ನೋ ಕಳಿಸ್ತಾಳಂತೆ."

"ಯಾರೂ ಬೇಡ. ನಂಗೆ ಆಗುತ್ತೆ."

"ಸಿಡುಕ್ತೀಯ ಯಾಕೆ? ಅವಳಂದಿದ್ದನ್ನ ನಾನು ಹೇಳ್ದೆ, ಅಷ್ಟೇ."

ಹಿತ್ತಲ ಗಿಡ ಮದ್ದಲ್ಲ, ಎಂದುಕೊಂಡಳು ದೊಡ್ಡವಳು. ಮಸುಕಾದದ್ದನ್ನೇ ಕಳಿಸಿ, 'ಹಳೇ ಯಂತ್ರ, ಇಷ್ಟೇ ಬರೋದು' ಎಂದುಬಿಟ್ಟರೆ ಕೇಳುವವರು ಯಾರು? ಜನ ಗೋಡೆಯ ಮುಂದೆ ಕಣ್ಣು ಕಿರಿದು ಮಾಡಿ, ಏನೂ ತಿಳಿಯದೆ ಮುಂದೆ ಹೋಗುತ್ತಾರೆ. ಆ ಯೋಚನೆ ಬಾಯಲ್ಲಿ ಬೆಲ್ಲದಂತೆ ಕರಗಿತು. ಆದರೆ ತಂಗಿಯನ್ನು ಮುಳುಗಿಸಬೇಕೆಂದರೆ ತನ್ನ ಕೊಕ್ಕರೆಯನ್ನೂ ಮುಳುಗಿಸಬೇಕಲ್ಲ. ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು.

ಯಂತ್ರದ ಒಳಗೊಂದು ತಗಡಿನ ಡಬ್ಬಿ. ಚಿತ್ರವನ್ನು ಟಿವಿಯ ಚಾನೆಲ್ಲಿಗೆ ಹೊಂದಿಸುವುದು ಅದೇ, ಕುಲಗೆಡಿಸುವುದೂ ಅದೇ. ಅದರೊಳಗೆ ಹೋಗುವ ಮುಂಚೆಯೇ ಚಿತ್ರವನ್ನು ಹಿಡಿಯಬೇಕು. ಡಬ್ಬಿಯ ಹೊಸ್ತಿಲಲ್ಲೇ ಒಂದು ವೈರನ್ನು ಬೆಸೆದಳು. ಬಣ್ಣದ ನೆರಳುಗಳೇನೋ ಹೋದವು, ಆದರೆ ಚಿತ್ರ ನಿಲ್ಲಲಿಲ್ಲ. ಹೊಸ ಕಂಪ್ಯೂಟರಿಗೆ ಹಳೆಯದರ ತಾಳ ಸಿಗದೆ ಮತ್ತೆ ಮತ್ತೆ ಕಪ್ಪಾಯಿತು. ಜಗ್ಗಿಹೋದ ಮದುವೆ ಕ್ಯಾಸೆಟ್ಟುಗಳಿಗೆ ಬಳಸುವ ಡಿವಿಡಿ ರೆಕಾರ್ಡರನ್ನು ಎರಡರ ನಡುವೆ ಸೇರಿಸಿದಳು. ಓಲಾಡುವ ಚಿತ್ರವನ್ನು ರಟ್ಟೆ ಹಿಡಿದು ನಿಲ್ಲಿಸುವುದರಲ್ಲಿ ಅದು ಗಟ್ಟಿಗ. ಆಟವನ್ನು ಯಂತ್ರಕ್ಕೆ ತುಂಬಿಸುವ ಕ್ಯಾಸೆಟ್ಟು ಕಿರ್ರೆಂದು ಕೂಗತೊಡಗಿದಾಗ ಅಮ್ಮ ಕಿವಿ ಮುಚ್ಚಿಕೊಂಡರು.

ಕೂಗು ನಿಂತಿತು. ಪರದೆಯ ಮೇಲೆ ಅಕ್ಷರಗಳು ಬ್ಲೇಡಿನಲ್ಲಿ ಕತ್ತರಿಸಿದಂತೆ ನಿಂತವು.

ಯಾರೂ ಆಡದಿದ್ದಾಗ ಆ ಆಟ ತಾನೇ ಆಡಿ ತೋರಿಸುತ್ತಿತ್ತು. ದಡದಲ್ಲಿ ಕೊಕ್ಕರೆ ನಿಂತಿತ್ತು: ನೆಟ್ಟನೆ ಕತ್ತು, ಕಡ್ಡಿಯಂಥ ಕಾಲು. ಅವಳದೇ. ಎದೆ ತುಂಬಿ ಬಂತು. ಅಷ್ಟರಲ್ಲಿ ಅದು ಹಾರಿತು.

ಅವಳು ರೆಕಾರ್ಡ್ ಆದದ್ದನ್ನು ಹಿಂದಕ್ಕೆ ತಂದು, ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದಳು. ನೆಲ ಬಿಟ್ಟ ಕೂಡಲೇ ಕತ್ತು ಮಡಚಿ ಹಿಂದಕ್ಕೆ ಸರಿಯುತ್ತಿತ್ತು. ಕಾಲುಗಳು ಬಾಲದ ಹಿಂದೆ ಚಾಚಿಕೊಳ್ಳುತ್ತಿದ್ದವು. ರೆಕ್ಕೆ ಕೆಳಗೆ ಬಡಿದಾಗ ಮೈ ಪರದೆಯ ಒಂದೇ ಒಂದು ಚುಕ್ಕಿಯಷ್ಟು ಮೇಲೇಳುತ್ತಿತ್ತು. ಅವಳು ಬರೆದುಕೊಟ್ಟದ್ದು ಒಂದೇ ಚಿತ್ರ, ನಿಂತ ಹಕ್ಕಿ. ಇದನ್ನೆಲ್ಲ ಅವಳು ಬರೆದಿರಲಿಲ್ಲ. ಹಳೇ ಟಿವಿಯ ಮಸುಕಿನಲ್ಲಿ ಎಲ್ಲ ಒಂದೇ ಬಿಳಿ ಮುದ್ದೆಯಾಗಿತ್ತು. ಆ ಮುದ್ದೆಯನ್ನೇ ತನ್ನದೆಂದು ಅವಳು ಇಷ್ಟು ವರ್ಷ ಸಾಕಿಕೊಂಡು ಬಂದಿದ್ದಳು. ತಂಗಿ ಕಿತ್ತುಕೊಂಡಿದ್ದರೆ ಬೈಯಬಹುದಿತ್ತು. ಈ ಹಾರಾಟ ಚೆನ್ನಾಗಿತ್ತು, ಮತ್ತು ತನ್ನದಲ್ಲ. ಇದಕ್ಕೆ ಯಾರನ್ನು ಬೈಯುವುದು?

ಫೋನು ಬಡಿದುಕೊಂಡಿತು.

"ಅಕ್ಕಾ, ಬಂತಾ?"

"ಬಂತು. ಕನ್ನಡಿ ಥರ ಇದೆ."

"ನನ್ನ ಬಂಗಾರ! ಕೇಳು, ಗೋಡೆ ಮೇಲಿನ ಬರಹದಲ್ಲಿ ನಿನ್ನ ಹೆಸರೂ ಹಾಕಿಸ್ತಿದೀನಿ. ಹಕ್ಕಿ ಪೂರ್ತಿ ನಿಂದೇ ಅಲ್ವಾ?"

ಈ ಮಾತಿಗಾಗಿ ಅವಳು ಕಾದಷ್ಟು ಯಾವುದಕ್ಕೂ ಕಾದಿರಲಿಲ್ಲ. ಈಗ ಅವಳು ಪರದೆಯ ಮೇಲೆ ನಿಲ್ಲಿಸಿದ್ದ ಹಾರಾಟವನ್ನು ನೋಡಿದಳು. ಭಿಕ್ಷೆ ಹಾಕುತ್ತಿದ್ದಾಳೋ, ನಿಜಕ್ಕೂ ಮರೆತಿದ್ದಾಳೋ? ಮರೆತಿದ್ದರೆ ಇನ್ನೂ ಕಷ್ಟ. ಇಂಥದ್ದೊಂದನ್ನು ಮಾಡಿ ಮರೆತುಬಿಡುವಷ್ಟು ಇದೆ ಅವಳ ಹತ್ತಿರ. ಹೂಂ ಅಂದರೆ ಸಾಕು. ಲೋಕದಲ್ಲಿ ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

"ಅಕ್ಕಾ? ಇದೀಯಾ?"

"ನಿಂತಿರೋದು ನಂದು," ಎಂದಳು. "ಹಾರೋದು ನಿಂದು. ಹಾಗಂತ ಹಾಕ್ಸು."

"ಹೌದಾ? ನಂಗೆ ನೆನಪೇ ಇಲ್ಲ ಕಣೇ."

"ನಂಗೆ ಕಾಣ್ತಿದೆ."

ಫೋನಿಟ್ಟ ಮೇಲೂ ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಈ ಆಟವನ್ನು ಅವಳು ಒಮ್ಮೆಯೂ ಆಡಿರಲಿಲ್ಲ. ಆಗ ಒಂದು ಸಲ ಕೊಡು ಎಂದು ಕೇಳಲು ಬಿಗುಮಾನ ಬಿಟ್ಟಿರಲಿಲ್ಲ. ಯಂತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ಕೀಲಿ ಒತ್ತಿದಳು. ಕೊಕ್ಕರೆ ಎದ್ದು, ತೂರಾಡಿ, ದಡದ ಬುಡದಲ್ಲೇ ನೀರಿಗೆ ಬಿತ್ತು.

ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. "ಬಿತ್ತಲ್ಲೇ!"

"ಬೀಳ್ಲಿ ಬಿಡಮ್ಮ."

ನೀರಿನ ಗೆರೆಗಳು ಸುಮ್ಮನಾದವು. ದಡದ ಮೇಲೆ ಕೊಕ್ಕರೆ ಮತ್ತೆ ಬಂದು ನಿಂತಿತು.