ಪರದೇಶದ ನಾಯಿ, ಮನೆಯ ನಲ್ಲಿ

ಮಾಂಸದಂಗಡಿ ಅಜ್ಜನ ಅಳಿಯ ಹಡಗಿನ ಅಡುಗೆಮನೆ ಕೆಲಸ ಮುಗಿಸಿ ಬರುವಾಗ, ಪರದೇಶದ ಬಂದರಿನಲ್ಲಿ ಗಂಟುಬಿದ್ದ ಬೀದಿನಾಯಿಯನ್ನೂ ಕರೆತಂದಿದ್ದ. ಬಂದ ದಿನದಿಂದ ಅಜ್ಜನಿಗೆ ಅದೆಂದರೆ ಪ್ರಾಣ. ಪುಟ್ಟ ಮೊಮ್ಮಗಳಿಗೋ, ಅದೇ ಕುದುರೆ, ಅದೇ ದಿಂಬು. ಅದರ ಕುತ್ತಿಗೆ ತಬ್ಬಿ, ಹೆಬ್ಬೆರಳು ಚೀಪುತ್ತ ಮಲಗಿದರೆ ಮನೆಯವರೆಲ್ಲ ನಿಂತು ನೋಡುವರು.

ಕುರಿಯ ಲಿವರಿನಲ್ಲಿ ಒಮ್ಮೊಮ್ಮೆ ನೀರುಗುಳ್ಳೆ ಸಿಗುವುದುಂಟು. ಅದನ್ನು ಗಿರಾಕಿಗೆ ದಾಟಿಸುವ ಜಾಯಮಾನ ಅಜ್ಜನದಲ್ಲ. ಕೊಯ್ದು ನಾಯಿಗೆ ಎಸೆಯುತ್ತಿದ್ದ. ದಂಡವಾಗಲಿಲ್ಲವಲ್ಲ ಎಂದು ಅವನಿಗೆ ಖುಷಿ.

ಒಂದು ಬೆಳಿಗ್ಗೆ ಅಜ್ಜನ ನಾದಿನಿ ಅಂಗಡಿಗೆ ಬಂದಳು. ಅವಳು ಪಶು ಆಸ್ಪತ್ರೆಯ ಡಾಕ್ಟರು. ಅಜ್ಜ ಎಸೆದ ತುಂಡಿಗೆ ನಾಯಿ ಬಾಯಿ ಹಾಕುವಷ್ಟರಲ್ಲಿ ಅದನ್ನು ಚಪ್ಪಲಿಯಿಂದ ತುಳಿದು ನಿಂತಳು. ಇದಕ್ಕೆ ಜಂತಿನ ಮಾತ್ರೆ ಕೊಡಿಸಿದ್ದೀರಾ ಎಂದು ಕೇಳಿದಳು. ರೇಬೀಸ್ ಚುಚ್ಚುಮದ್ದು ಆಗಿದೆ, ಮೈ ನೋಡಿದರೆ ಬೆಣ್ಣೆಮುದ್ದೆ, ಇದಕ್ಕೆಲ್ಲಿಯ ಕಾಯಿಲೆ ಎಂದು ಅಜ್ಜ ಮೂತಿ ತಿರುವಿದ.

"ಅದಕ್ಕೇನೂ ಆಗಲ್ಲ ಭಾವ, ಆಗೋದು ನಮಗೆ. ಈ ಗುಳ್ಳೆ ತಿಂದ್ರೆ ಅದರ ಕರುಳಲ್ಲಿ ಲಾಡಿಹುಳ ಬೆಳೆಯುತ್ತೆ. ಹುಳದ ಮೊಟ್ಟೆ ಮಲದ ಜೊತೆ ಬಂದು ನಾಯಿ ಕೂದಲಿಗೆ ಅಂಟುತ್ತೆ, ಕಣ್ಣಿಗೆ ಕಾಣಲ್ಲ. ಮುಟ್ಟಿದ ಕೈ ಬಾಯಿಗೆ ಹೋದ್ರೆ, ಇಂಥದ್ದೇ ಗುಳ್ಳೆ ನಮ್ಮ ಲಿವರಲ್ಲಿ ವರ್ಷಗಟ್ಟಲೆ ಸದ್ದಿಲ್ದೆ ಬೆಳೆಯಬಹುದು. ಬೀದೀಲಿದ್ದ ನಾಯಿ ಅದು, ಅಲ್ಲಿಂದಲೇ ಹುಳ ಹೊತ್ತು ತಂದಿದ್ರೂ ತಂದಿರಬಹುದು."

ಅಜ್ಜನ ಕಣ್ಣ ಮುಂದೆ ಮೊಮ್ಮಗಳ ಹೆಬ್ಬೆರಳು ಬಂತು. ಕತ್ತಿ ಕೆಳಗಿಟ್ಟು, ಹಾಗಾದರೆ ಇದನ್ನು ಎಲ್ಲಾದರೂ ಬಿಟ್ಟುಬರಬೇಕೇ ಎಂದು ಕೇಳಿದ.

"ನಾಯಿ ಇರಲಿ ಭಾವ, ನಿಮ್ಮ ಚಾಳಿ ಬಿಡಿ," ಎಂದು ನಾದಿನಿ ನಕ್ಕಳು.

ಅಂದೇ ನಾಯಿಗೆ ತೂಕಕ್ಕೆ ತಕ್ಕ ಮಾತ್ರೆ ನುಂಗಿಸಿದಳು. ಕೆಲವು ದಿನ ಅದರ ಮಲವನ್ನು ಕೈಗವಸು ಹಾಕಿ ತೆಗೆದು ಆಳವಾಗಿ ಹೂಳಿಸಿದಳು. ಮಗುವನ್ನು ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿಯ ಡಾಕ್ಟರು ಪರೀಕ್ಷಿಸಿ, ಏನೂ ಕಾಣುತ್ತಿಲ್ಲ, ಧೈರ್ಯವಾಗಿರಿ, ಕೆಲವು ತಿಂಗಳ ನಂತರ ಮತ್ತೊಮ್ಮೆ ತೋರಿಸಿ ಎಂದರು. ಅಜ್ಜನಿಗೆ ಹೋದ ಜೀವ ಬಂದಂತಾಯಿತು. ಗುಳ್ಳೆಯ ಲಿವರು ಈಗ ಮುಚ್ಚಳದ ಡಬ್ಬಿ ಸೇರಿ, ಅಲ್ಲಿಂದ ಆಳದ ಗುಂಡಿಗೆ ಹೋಗುತ್ತದೆ. ನಾಯಿಗೆ ಬೇಯಿಸಿದ್ದೇ ಊಟ.

ಮೊನ್ನೆ ಅಜ್ಜ ನಾಯಿಯನ್ನು ಮುದ್ದಾಡಿ, ಹಾಗೇ ತಟ್ಟೆಗೆ ಕೈ ಹಾಕಲು ಹೊರಟ. ಮೊಮ್ಮಗಳು ಅಂಗಿ ಹಿಡಿದು ಎಳೆದಳು. "ಅಜ್ಜಾ, ಸೋಪು." ಇಬ್ಬರೂ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಾಗ ನಾಯಿಯೂ ಬಂದು ಪಕ್ಕದಲ್ಲಿ ಕೂತು ಒಂದು ಮುಂಗಾಲೆತ್ತಿ ಚಾಚಿತು. ಮನೆಯೆಲ್ಲ ನಕ್ಕಿತು.

ನಿಮ್ಮ ಮನೆಗೂ ದೂರದೇಶದ ನಾಯಿ ಬಂದಿದೆಯೇ? ತಡಮಾಡದೆ ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದಾಗಲೆಲ್ಲ ಜಂತಿನ ಮಾತ್ರೆ ಕೊಡಿಸಿ. ಹಸಿ ಮಾಂಸ ಹಾಕಬೇಡಿ. ಮುದ್ದು ಎಷ್ಟು ಬೇಕಾದರೂ ಮಾಡಿ, ಉಣ್ಣುವ ಮುಂಚೆ ಮಾತ್ರ ನಲ್ಲಿ ತಿರುಗಿಸಿ.