ಮೊದಲು ಅತ್ತವಳು

ನಮ್ಮ ನಿಘಂಟಿನ ಕಚೇರಿಯಲ್ಲಿ ಒಂದು ಕಟ್ಟುನಿಟ್ಟು. ಪದದ ಹುಟ್ಟು, ಅರ್ಥ ಬರೆದರೆ ಸಾಲದು; ಯಾರಾದರೂ ಮನೆಯಲ್ಲಿ ನಿಜವಾಗಿ ಆಡಿದ ಒಂದು ವಾಕ್ಯವನ್ನು ಉದಾಹರಣೆಗೆ ತರಬೇಕು. ಕುರ್ಚಿಯಲ್ಲಿ ಕೂತು ಹೊಸೆದ ವಾಕ್ಯವನ್ನು ಸಂಪಾದಕರು ಥಟ್ಟನೆ ಹಿಡಿದುಬಿಡುತ್ತಾರೆ. ಈ ಸಲ ನನ್ನ ಪಾಲಿಗೆ ಬಂದ ಪದ ‘ತಾರತಮ್ಯ’.

ಹುಟ್ಟು ಸುಲಭ. ಸಂಸ್ಕೃತದಲ್ಲಿ ಇಬ್ಬರಲ್ಲಿ ಹೆಚ್ಚಿನವರಿಗೆ ‘ತರ’, ಎಲ್ಲರಲ್ಲಿ ಹೆಚ್ಚಿನವರಿಗೆ ‘ತಮ’. ಎರಡೂ ಸೇರಿದಾಗ ಮೊದಲಿಗೆ ಹೆಚ್ಚು ಕಡಿಮೆ ಗುರುತಿಸುವುದು ಎಂದಷ್ಟೇ ಅರ್ಥ. ತಾರತಮ್ಯ ಜ್ಞಾನ ಉಳ್ಳವರನ್ನು ಹೊಗಳುತ್ತಿದ್ದರು. ಆಮೇಲೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವ ಅರ್ಥ ಅಂಟಿ, ಪದದ ಮಾನ ಹೋಯಿತು.

ವಾಕ್ಯಕ್ಕೆ ಅಮ್ಮನಿದ್ದಾಳಲ್ಲ. ನಾನೂ ತಂಗಿಯೂ ಅವಳಿ ಜವಳಿ. ಸ್ವಲ್ಪ ಮುಂಚೆ ಹುಟ್ಟಿದವಳೆಂದು ನಾನು ಅಕ್ಕ. ಅದೇ ತಪ್ಪಿಗೆ ಕಿಟಕಿ ಪಕ್ಕದ ಹಾಸಿಗೆ ತಂಗಿಗೆ, ಹೊಸ ಕೊಡೆ ತಂಗಿಗೆ. ಒಬ್ಬಳನ್ನಷ್ಟೇ ಮುಂದೆ ಓದಿಸಲು ಸಾಧ್ಯ ಎಂದಾದಾಗ, “ದೊಡ್ಡವಳು ನೀನು, ಬಿಟ್ಟುಕೊಡು” ಎಂದರು ಅಪ್ಪ ಅಮ್ಮ. ತಂಗಿ ಡಾಕ್ಟರಾದಳು. ನಾನು ಕರಡು ತಿದ್ದಿ ತಿದ್ದಿ, ಕಣ್ಣು ಸವೆಸಿಕೊಂಡು, ಈ ಮೇಜಿಗೆ ಬಂದೆ. ಈಗ ಅಮ್ಮ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಾಳೆ. ನಾನು ಕೆಲಸ ಬಿಟ್ಟು ಅವಳನ್ನು ನೋಡಿಕೊಳ್ಳಬೇಕೆಂದು ತಂಗಿಯ ಹಟ. ಸಂಜೆ ಉತ್ತರ ಕೇಳಲು ಬರುವವಳಿದ್ದಳು. ಅಕ್ಕ ತಾನೇ, ಹೂಂ ಅನ್ನಲು ಮನಸ್ಸನ್ನು ಒಪ್ಪಿಸಿಯೂ ಆಗಿತ್ತು.

“ಅಮ್ಮಾ, ತಾರತಮ್ಯ ಅನ್ನೋ ಪದ ಹಾಕಿ ಏನಾದ್ರೂ ಹೇಳು,” ಎಂದೆ, ದಿಂಬು ಸರಿಮಾಡುತ್ತಾ.

“ನಾನು ಯಾವತ್ತಾದ್ರೂ ತಾರತಮ್ಯ ಮಾಡಿದೀನೇನೇ?” ನಾನು ಬಾಯಿ ತೆರೆಯುವ ಮೊದಲೇ ಅವಳೇ ನಕ್ಕಳು. “ಮಾಡೋದಾದ್ರೂ ಹೇಗೆ? ಯಾರು ಯಾರು ಅಂತ ನಂಗೇ ಗೊತ್ತಾಗ್ತಿರ್ಲಿಲ್ಲ.”

“ದೊಡ್ಡವಳ ಕಾಲುಗುರಿಗೆ ಕೆಂಪು ಬಣ್ಣ ಹಚ್ತಿದ್ಯಲ್ಲ?”

“ನಿಮ್ಮಜ್ಜಿ ಒಂದಿನ ಇಬ್ರಿಗೂ ಸ್ನಾನ ಮಾಡ್ಸಿ, ಉಗುರು ಕತ್ತರಿಸಿ, ಬಣ್ಣ ಎಲ್ಲಾ ಒರೆಸಿಬಿಟ್ರು, ಮಕ್ಕಳ ಬಾಯಿಗೆ ಹೋಗುತ್ತೆ ಅಂತ. ನಿಮ್ಮಪ್ಪ ಬರೋ ಹೊತ್ತು. ಏನ್ ಮಾಡ್ಲಿ? ಯಾರು ಮೊದ್ಲು ಅಳ್ತಾಳೋ ಅವಳೇ ದೊಡ್ಡವಳು ಅಂದ್ಕೊಂಡೆ. ನೀನು ಅತ್ತೆ.”

ಹಸಿವಾಗಿತ್ತೋ, ಇರುವೆ ಕಚ್ಚಿತ್ತೋ, ಅತ್ತೆ. ಅಷ್ಟಕ್ಕೆ ನನ್ನ ಓದು ಹೋಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಮ್ಮ ನೀರು ಕೇಳಿದಳು, ಲೋಟದ ಹೊರಗೆ ಸುರಿದೆ.

ಹೊರಗೆ ಬಾಗಿಲ ಸದ್ದಾಯಿತು. ನಾನು ನಡುಮನೆಗೆ ಬಂದೆ.

“ಏನ್ ತೀರ್ಮಾನ ಮಾಡ್ದೆ, ಅಕ್ಕಾ?” ತಂಗಿ ಚಪ್ಪಲಿ ಬಿಡುತ್ತಾ ಕೇಳಿದಳು.

“ಬಾ ಅಕ್ಕಾ, ಕೂತ್ಕೋ,” ಎಂದೆ. ಕುಟುಕಿದ್ದಷ್ಟೇ, ಪಾಪ, ಅವಳಿಗೇನು ಗೊತ್ತು, ಬಿಡಿಸಿ ಹೇಳಬೇಕು ಎಂದುಕೊಂಡಿದ್ದೆ.

ಅವಳು ಎರಡನೆಯ ಚಪ್ಪಲಿ ಬಿಡದೆ ಹಾಗೇ ನಿಂತಳು. “ಅಮ್ಮ ನಿಂಗೂ ಹೇಳ್ಬಿಟ್ಲಾ?”

“ನಿಂಗೆ ಯಾವಾಗ ಹೇಳಿದ್ಲು?”

“ಕಾಲೇಜಿಗೆ ಸೇರೋ ಹಿಂದಿನ ದಿನ.” ಅವಳು ನೆಲ ನೋಡಿದಳು. “ನಾನೇ ಚಿಕ್ಕೋಳಾಗಿದ್ರೂ ಆಗಿರಬಹುದು ಅಂದ್ಕೊಂಡು ನಿಂಗೆ ಹೇಳ್ಲಿಲ್ಲ...”

“ಅಮ್ಮನ ಬಟ್ಟೆ ಕಟ್ಟಿ ಕೊಡ್ತೀನಿ. ನಿನ್ನ ಮನೆಗೆ ಕರ್ಕೊಂಡು ಹೋಗು. ನಾಳೆ ನಂಗೆ ಕೆಲಸ ಇದೆ.”

ಅವಳು ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

“ಯಾರೇ ಅದು ಅಳ್ತಿರೋದು?” ಒಳಗಿನಿಂದ ಅಮ್ಮ ಕೂಗಿದಳು.

“ದೊಡ್ಡೋಳು,” ಎಂದೆ.